ಶೇಷಮ್ಮನ ಕಂಬಳಿ

ಆ ಬಾಗಿಲು ಒಂಚೂರು ಮುಂದೆ ಮಾಡಿ... ಹ್ಞಾಂ, ಸಾಕು.

ಇದು ನಮ್ಮ ನಾಗೇಂದ್ರನ ಹೆಂಡತಿ ಸುಷ್ಮಾಗೆ ಆಗಿದ್ದು. ನಾಗೇಂದ್ರ ಅಂದ್ರೆ ನನ್ನ ಚಿಕ್ಕಪ್ಪನ ಮಗ. ಹಾಗಾಗಿ ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಲ್ಲ. ಹಳೇ ಕಾಲದ್ದೂ ಅಲ್ಲ. ಹಿನ್ನೀರಿಗೆ ಸೇತುವೆ ಆಗಿ ಲಾಂಚ್ ಕಾಯೋದು ತಪ್ಪಿದ ಮೇಲಿನ ಮಾತು.

ಸಾಗರದಿಂದ ಬರೋ ಕಡೇ ಬಸ್ಸು ಸುಷ್ಮಾನ್ನ ತುಮರಿ ಆಚೆಯ ತಿರುವಿನಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ಮನೆಗೆ ಮಣ್ಣುರಸ್ತೆ. ಒಂದು ಬದಿ ಅಕೇಶಿಯಾ, ಇನ್ನೊಂದು ಬದಿ ಹಿನ್ನೀರು. ನಡುವೆ ಒಂದು ಹಾಳುಬಾವಿ... ಕಂಬ ಇದೆ, ರಾಟೆ ಇದೆ, ಹಗ್ಗ ಇಲ್ಲ. ಯಾರೂ ಅಲ್ಲಿ ನೀರು ಸೇದಲ್ಲ. ಚಂದ್ರ ಇರಲಿಲ್ಲ ಅವತ್ತು. ಮೊಬೈಲನ್ನ ಬೇಕೂಂತಲೇ ಆಫ್ ಮಾಡಿಟ್ಟಿದ್ದಳು. ಎದೆಗೆ ಅವುಚಿಕೊಂಡಿದ್ದ ಚೀಲದಲ್ಲಿ ಒಂದು ಕಂಬಳಿ.

ಕದ್ದ ಕಂಬಳಿ. ಅದೂ ಸ್ವಂತ ತಂಗಿ ಸುಪ್ರಿಯಾಳ ಹತ್ತಿರದಿಂದ.

ಅದು ಅವರಜ್ಜಿ ಶೇಷಮ್ಮಂದು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರಿಗೆ ನೀರು ಏರಿದಾಗ ಎಲ್ಲರೂ ದನ, ಪಾತ್ರೆ ಅಂತ ಓಡಾಡ್ತಿದ್ರಂತೆ. ಹೊಸದಾಗಿ ಮದುವೆಯಾಗಿ ಬಂದಿದ್ದ ಶೇಷಮ್ಮ ಒಬ್ಬಳೇ ಸೊಂಟಮಟ್ಟ ನೀರಿಗಿಳಿದು, ಊರ ದೇವತೆ ಅಮ್ಮನವರ ಕಲ್ಲನ್ನ ಎಬ್ಬಿಸಿ, ಮೈಮೇಲಿದ್ದ ಕಂಬಳಿಯಲ್ಲೇ ಸುತ್ತಿ, ತಲೆ ಮೇಲೆ ಹೊತ್ತು ಗುಡ್ಡ ಹತ್ತಿದಳಂತೆ. ಆಮೇಲೆ ಶೇಷಮ್ಮನ ಮೈಮೇಲೆ ಅಮ್ಮನವರು ಬರೋಕೆ ಶುರುವಾಯ್ತು. ಮಕ್ಕಳಿಗೆ ಜ್ವರ ಬಂದ್ರೆ ಜನ ಆ ಕಂಬಳಿಯ ಅಂಚನ್ನ ಮುಟ್ಟಿಸಿಕೊಂಡು ಹೋಗ್ತಿದ್ರು.

ಅಜ್ಜಿ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಸುಷ್ಮಾ. ಉಚ್ಚೆಬಟ್ಟೆ ಒಗೆದವಳು, ಗಂಜಿ ಕುಡಿಸಿದವಳು, ಅಜ್ಜಿ ಎಲೆಅಡಿಕೆ ಹಾಕಿ ಗೋಡೆಗೆ ಒರೆಸಿದ ಸುಣ್ಣ ತಿಕ್ಕಿದವಳು, ರಾತ್ರಿ ಎದ್ದೆದ್ದು ಹೊದಿಸಿದವಳು. ಸುಪ್ರಿಯಾ ಆಗ ಮೈಸೂರಿನಲ್ಲಿ ಓದ್ತಿದ್ದಳು. ಆದ್ರೆ ಅಜ್ಜಿ ಕಣ್ಣು ಬಿಟ್ಟಾಗೆಲ್ಲ ಕೇಳೋದು ಒಂದೇ.

“ಸುಪ್ರಿ ಬಂತಾ?”

ಗಂಜಿ ಬಟ್ಟಲು ಬಾಯಿ ಹತ್ತಿರ ಇರೋದು... “ಸುಪ್ರಿ ಬಂತಾ?”

ಪ್ರಾಣ ಹೋಗುವಾಗಲೂ ಅದೇ. ಸುಷ್ಮಾ ಅಳಲಿಲ್ಲ. ಕಂಬಳಿಯನ್ನ ಮಡಿಸಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಇದಾದ್ರೂ ನಂದು ಅಂತ.

ಈಗ ಅಮ್ಮನವರಿಗೆ ಹೊಸ ಗುಡಿ ಆಗಿದೆ. ಸಮಿತಿಯ ಜಟ್ಟಪ್ಪ ಮನೆಗೆ ಬಂದು, “ಕಂಬಳಿನ ಗಾಜಿನೊಳಗಿಟ್ಟು ಗುಡಿಯಲ್ಲಿ ಇಡಣ ಕಣಮ್ಮಾ, ಎಲ್ಲರೂ ನೋಡ್ಲಿ” ಅಂದ. ಸುಷ್ಮಾಗೆ ಖುಷಿಯೇ ಆಯ್ತು. ಆದ್ರೆ ಹಿಂದೆಯೇ ಅಂದ, “ಹೇಗೂ ನಿನ್ ತಂಗಿ ಅದೇ ಕೆಲಸ ಕಲ್ತಿದಾಳಲ್ಲ...”

ಹೌದು. ಸುಪ್ರಿಯಾ ಸಾಗರದಲ್ಲಿ ಅಂಗಡಿ ಇಟ್ಟಿದ್ದಳು. ಮಠದವರ ಪಾದುಕೆ, ಹಳೇ ತಾಳೆಗರಿ, ದೇವರ ಪಲ್ಲಕ್ಕಿಯ ಜರಿ ಬಟ್ಟೆ, ಇಂಥವನ್ನ ಕೆಡದ ಹಾಗೆ ಸರಿಮಾಡಿ, ಅದಕ್ಕೆ ತಕ್ಕ ಅಳತೆಯ ಪೆಟ್ಟಿಗೆಯಂಥ ಫ್ರೇಮು ಮಾಡಿ ಕೊಡೋದು. ಹೊಸನಗರ, ತೀರ್ಥಹಳ್ಳಿಯಿಂದೆಲ್ಲ ಜನ ಹುಡುಕಿಕೊಂಡು ಬರ್ತಿದ್ರು.

ಸುಷ್ಮಾ ತಂದುಕೊಟ್ಟ ಕಂಬಳಿ ಬಿಚ್ಚಿದವಳೇ ಸುಪ್ರಿಯಾ ಅಂದಳು, “ಅಯ್ಯೋ ಅಕ್ಕ, ಹೀಗಾ ಇಡೋದು? ಹುಳ ತಿಂದು ಜರಡಿ ಆಗಿದೆ ನೋಡು!”

ಸುಮ್ಮನೆ ಆಡಿದ ಮಾತು. ಸುಷ್ಮಾಗೆ ಅದು ಮುಳ್ಳಿನ ಹಾಗೆ ಒಳಗೇ ಉಳೀತು.

ಸುಪ್ರಿಯಾ ಕಂಬಳಿಯನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊರೆಯೋ ಫ್ರಿಜ್ಜಿನಲ್ಲಿಟ್ಟು ಹುಳ ಸಾಯಿಸಿದಳು. ನೂಲು ಕಿತ್ತು ಬರದ ಹಾಗೆ ಮೇಲೆ ಬಲೆ ಹಾಸಿ, ಮೆತ್ತನೆ ಕುಂಚದಲ್ಲಿ ಧೂಳು ತೆಗೆದಳು. ಅಂಟು ಹಾಕಲಿಲ್ಲ, ಮೊಳೆ ಹೊಡೀಲಿಲ್ಲ. ಒಗೆದ ಹತ್ತಿಬಟ್ಟೆಯ ಮೇಲೆ ಹರಡಿ, ಕೂದಲಿನಂಥ ದಾರದಲ್ಲಿ ಕಂಡೂ ಕಾಣದ ಹಾಗೆ ಹೊಲಿದಳು. ಸುಷ್ಮಾ ನೋಡೋಕೆ ಹೋದ ದಿನ ಅದು ಮೇಜಿನ ಮೇಲೆ ಮಲಗಿತ್ತು... ಅಜ್ಜಿ ಬದುಕಿದ್ದಾಗಲೂ ಅಷ್ಟು ಚೆಂದ ಇರಲಿಲ್ಲ. ಅದೇ ತಡೆಯೋಕೆ ಆಗಲಿಲ್ಲ ಅವಳಿಗೆ.

“ನಾಡಿದ್ದು ಗುಡಿ ಒಳಗೆ ನಾನೇ ಹೊತ್ಕಂಡ್ ಹೋಗ್ಬೇಕಂತೆ ಅಕ್ಕ. ಜಟ್ಟಪ್ಪಣ್ಣ ಫೋನ್ ಮಾಡಿದ್ರು,” ಅಂದಳು ಸುಪ್ರಿಯಾ. “ಅಜ್ಜಿಗೂ ಇಷ್ಟ ಆಗ್ತಿತ್ತು, ಅಲ್ವಾ?”

“ಹ್ಞೂಂ.”

ಗಾಜು ಬಂತು ಅಂತ ಸುಪ್ರಿಯಾ ಹೊರಗೆ ಹೋದಳು. ತಿರುಗಿ ಬರೋದರೊಳಗೆ ಮೇಜೂ ಖಾಲಿ, ಅಕ್ಕನೂ ಇಲ್ಲ.

ಹಾಗೆ ತಂದ ಕಂಬಳಿ ಅದು.

ಬಾವಿ ಹತ್ತಿರ ಬಂತು. ಜೀರುಂಡೆ ಕೂಗ್ತಿದ್ದವು... ಇದ್ದಕ್ಕಿದ್ದ ಹಾಗೆ ನಿಂತವು.

ಕಿರ್ರ್...

ರಾಟೆ. ಗಾಳಿ ಇಲ್ಲ, ಒಂದು ಎಲೆ ಅಲ್ಲಾಡ್ತಿಲ್ಲ. ಕಿರ್ರ್... ಕಿರ್ರ್... ಯಾರೋ ನಿಧಾನವಾಗಿ ತುಂಬಿದ ಕೊಡ ಎಳೀತಿರೋ ಹಾಗೆ. ಸುಷ್ಮಾ ತಲೆ ತಗ್ಗಿಸಿ ಬೇಗ ಬೇಗ ನಡೆದಳು. ಬಾವಿ ದಾಟಿತು. ಆಗ ಹಿಂದೆ...

ಟಕ್.

ಕೋಲು ಕಲ್ಲಿಗೆ ತಾಗಿದ ಸದ್ದು. ಆಮೇಲೆ ಕಾಲು ಎಳೆದ ಸದ್ದು. ಸರ್ರ್... ಟಕ್... ಸರ್ರ್... ಆ ನಡಿಗೆ ಗೊತ್ತಿಲ್ಲದೆ ಇರುತ್ತಾ ಅವಳಿಗೆ? ಅಜ್ಜಿ ಹಾಸಿಗೆ ಹಿಡಿಯೋ ಮುಂಚೆ ವರ್ಷಗಟ್ಟಲೆ ಅದೇ ಸದ್ದಿಗೆ ಎಚ್ಚರಾಗಿ ಎದ್ದವಳು.

“ಸುಪ್ರೀ...”

ರಾತ್ರಿ ಹೊತ್ತು ಹೆಸರು ಹಿಡಿದು ಕರೆದ್ರೆ ಮೂರು ಸಲ ಕರೆಯೋವರೆಗೆ ಓಗೊಡಬಾರದು. ಅವು ಮೂರನೇ ಸಲ ಕರೆಯಲ್ವಂತೆ. ಸುಷ್ಮಾಗೂ ಗೊತ್ತಿತ್ತು. ಹಲ್ಲು ಕಚ್ಚಿ ನಿಂತಳು.

“ಸುಪ್ರೀ...”

ಹೆದರಿಕೆ ಆಗಿತ್ತು, ಇಲ್ಲ ಅಂತಲ್ಲ. ಆದ್ರೆ ಅದಕ್ಕಿಂತ ಸಿಟ್ಟು ದೊಡ್ಡದಾಗಿತ್ತು. ಸತ್ತ ಮೇಲೂ ಅವಳದ್ದೇ ಹೆಸರಾ? ಕಂಬಳಿ ನನ್ನ ಕೈಯಲ್ಲಿದ್ರೂ ಅವಳನ್ನೇ ಕರೀತೀಯಾ? ಸರಿ ಹಾಗಾದ್ರೆ... ಒಂದ್ಸಲ ನಾನೇ ಅವಳಾಗ್ತೀನಿ.

ಎರಡನೇ ಕರೆಗೇ ಓಗೊಟ್ಟಳು.

“ಓ... ಸುಪ್ರಿನೇ, ಅಜ್ಜಿ. ಬಂದೀನಿ.”

ಸದ್ದೆಲ್ಲ ನಿಂತಿತು. ರಾಟೆಯೂ ನಿಂತಿತು. ಬೆನ್ನ ಹಿಂದೆ ಉಸಿರು ಮಾತ್ರ. ಒದ್ದೆ ಕಂಬಳಿಯ ವಾಸನೆ... ಚೀಲದೊಳಗಿನದ್ದು ಬೆಚ್ಚಗೆ ಒಣಗಿತ್ತಲ್ಲ, ಆದ್ರೂ.

“ಸುಪ್ರಿ... ಅಕ್ಕನ್ನ ಎಲ್ಲಿ ಬಿಟ್ಟೆ?”

ಸುಷ್ಮಾ ಚೀಲವನ್ನ ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

“ಅಕ್ಕ... ಮನೇಲಿ.”

“ಕರ್ಕಂಡ್ ಬಾ. ಚಳಿ ಆಗ್ತದೆ ನಂಗೆ... ಹೊದ್ಸಕ್ಕೆ ನಿನ್ನಕ್ಕಂಗೇ ಗೊತ್ತು. ನೀ ಬ್ಯಾಡ. ಅದನ್ನ ಕಳ್ಸು.”

ಅಷ್ಟು ವರ್ಷ ಕಾದ ಮಾತು. ಒಂದೇ ಒಂದು ಸಲ ಕೇಳಿದ್ರೆ ಸಾಕು ಅಂತಿದ್ದ ಮಾತು. ಸುಷ್ಮಾ ಗಕ್ಕನೆ ತಿರುಗಿದಳು.

“ಅಜ್ಜೀ, ನಾನೇ! ನಾನೇ ಸುಷ್ಮಾ!”

ಯಾರೂ ಇರಲಿಲ್ಲ. ಕತ್ತಲೆಯೊಳಗಿಂದ, ಬೇಜಾರು ಮಾಡಿಕೊಂಡ ದನಿ ಮಾತ್ರ.

“ಸುಳ್ ಹೇಳ್ಬ್ಯಾಡ ಸುಪ್ರಿ.”

ಟಕ್... ಸರ್ರ್... ಟಕ್... ಸದ್ದು ರಸ್ತೆ ಬಿಟ್ಟು ಇಳಿಜಾರಿಗೆ ಹೋಯ್ತು, ಹಿನ್ನೀರಿನ ಕಡೆ. ಸುಷ್ಮಾ ಅದರ ಹಿಂದೆ ಓಡಿದಳು. ಕಂಬಳಿ ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದು, “ನೋಡು ಅಜ್ಜಿ, ಹೊದಿಸ್ತೀನಿ, ನಾನೇ...” ಅಂತ ಕೂಗ್ತಾ. ಸದ್ದು ನೀರಿನೊಳಗೆ ಹೋಯ್ತು. ಗುಳುಕ್... ಗುಳುಕ್... ಅವಳೂ ಇಳಿದಳು.

ಸುಪ್ರಿಯಾ ಫೋನ್ ಮಾಡಿ ಹೇಳಿದ್ದರಿಂದ ನಾಗೇಂದ್ರ ಬೈಕು ತಗೊಂಡು ಹುಡುಕಿಕೊಂಡು ಬರ್ತಿದ್ದ. ಕೂಗು ಕೇಳಿ ಟಾರ್ಚು ಬಿಟ್ಟ. ಸೊಂಟಮಟ್ಟ ನೀರಲ್ಲಿ ಹೆಂಡತಿ, ತಲೆ ಮೇಲೆ ಎತ್ತಿ ಹಿಡಿದ ಕಂಬಳಿ. ಅದಕ್ಕೊಂದು ಹನಿ ತಾಗಿರಲಿಲ್ಲ. ಎಳೆದು ದಡಕ್ಕೆ ತರೋವಾಗ ಅವನ ಕೈ ಪರಚಿಬಿಟ್ಟಿದ್ದಳು. ಆ ಗಾಯ ನಾನೇ ನೋಡಿದೀನಿ.

ಬೆಳಗಾಗುವಷ್ಟರಲ್ಲಿ ಸುಪ್ರಿಯಾ ಬಂದಳು. ಬೈಯೋಕೆ ಅಂತಲೇ ಬಂದವಳು, ಅಕ್ಕ ಚಾಪೆ ಮೇಲೆ ಮುದುರಿಕೊಂಡಿದ್ದು ನೋಡಿ ಪಕ್ಕದಲ್ಲಿ ಕೂತಳು. ಸುಷ್ಮಾ ಎಲ್ಲಾ ಹೇಳಿದಳು, ಒಂದೂ ಮುಚ್ಚಿಡಲಿಲ್ಲ.

ಸುಪ್ರಿಯಾ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೆಲ್ಲಗೆ ಕೇಳಿದಳು.

“ನೀ ಬ್ಯಾಡ ಅಂತಾ? ನಂಗೇ ಅಂದಿದ್ದಾ ಅದು?”

“ಹ್ಞೂಂ.”

“ಸರಿಯಾಗಿ ಕೇಳ್ಸಿತಾ ನಿಂಗೆ?”

ನಾಗೇಂದ್ರ ಕಾಫಿ ತಂದು ಕೊಟ್ಟವನು ಸುಪ್ರಿಯಾಳ ಮುಖ ನೋಡಿದನಂತೆ. ಅಷ್ಟು ವರ್ಷ ತನ್ನ ಹೆಂಡತಿ ಮುಖದಲ್ಲಿ ಏನು ನೋಡಿದ್ದನೋ, ಅದೇ ಅಲ್ಲಿತ್ತಂತೆ.

ಫ್ರೇಮು ಆಯ್ತು. ಹಲಸಿನ ಮರದ್ದು. ಗಾಜು ಕಂಬಳಿಗೆ ತಾಗದ ಹಾಗೆ ನಡುವೆ ಜಾಗ ಬಿಟ್ಟು, ಹಿಂದಿನಿಂದ ಧೂಳು, ಇರುವೆ ಹೋಗದ ಹಾಗೆ ಸುತ್ತ ಮುಚ್ಚಿದ್ದು. ಒಬ್ಬರೇ ಹೊರೋಕೆ ಆಗದಷ್ಟು ಭಾರ. ಅಕ್ಕ ಒಂದು ಕಡೆ, ತಂಗಿ ಒಂದು ಕಡೆ ಹಿಡಿದು ಗುಡಿಯೊಳಗೆ ತಂದರು. ಒಬ್ಬರನ್ನೊಬ್ಬರು ನೋಡಲಿಲ್ಲ. ಆಮೇಲೆ ಸುಪ್ರಿಯಾ ಅಂಗಡಿ ಮುಚ್ಚಿ ಒಂದಷ್ಟು ದಿನ ಇಲ್ಲೇ ಇದ್ದಳು. ಸಂಜೆ ಆದ್ರೆ ಬಾವಿಕಟ್ಟೆ ಮೇಲೆ ಹೋಗಿ ಕೂರೋಳು. ಕತ್ತಲಾಗೋವರೆಗೆ. ಅವಳನ್ನ ಯಾರೂ ಕರೀಲಿಲ್ಲ.

ಇನ್ನೊಂದು ವಿಷಯ... ನೀವು ನಂಬಲ್ಲ, ಆದ್ರೂ ಹೇಳ್ತೀನಿ.

ಆ ಗಾಜಿನ ಎಡ ಮೂಲೆಯಲ್ಲಿ ಸುಣ್ಣದ ಗುರುತು ಒಂದಿದೆ. ಎಲೆ ಹಾಕೋರು ಬೆರಳಿಗೆ ಉಳಿದ ಸುಣ್ಣವನ್ನ ಕಂಬಕ್ಕೆ ಒರೆಸ್ತಾರಲ್ಲ, ಹಾಗೆ. ಯಾರೋ ಭಕ್ತರು ಒರೆಸಿದ್ದು ಅಂತ ಜಟ್ಟಪ್ಪ ಬಟ್ಟೆಯಲ್ಲಿ ಉಜ್ಜಿದ. ಹೋಗಲಿಲ್ಲ. ಗುರುತು ಗಾಜಿನ ಒಳಗಡೆ. ಸುಪ್ರಿಯಾ ಹಿಂದಿನಿಂದ ಬಿಚ್ಚಿ, ಒರೆಸಿ, ಮತ್ತೆ ಮುಚ್ಚಿದಳು. ಮಾರನೇ ದಿನ ಅಲ್ಲೇ ಇತ್ತು. ಈಗ ಯಾರೂ ಅದರ ತಂಟೆಗೆ ಹೋಗಲ್ಲ.

ಹೋದ ವಾರ ಕೈ ಮುಗಿಯೋಕೆ ಹೋದಾಗ ನಾನು ಹತ್ತಿರ ಹೋಗಿ ನೋಡಿದೆ. ನನ್ನ ಮಕ್ಕಳಾಣೆ ಹೇಳ್ತೀನಿ... ಸುಣ್ಣ ಇನ್ನೂ ಹಸಿ ಇತ್ತು.