ಇಬ್ಬರ ಹಾಜರಿ

ಅಲ್ಲಿ ಬೇಡ ಕಣೇ ನರೆಲ್, ಈ ಕಡೆ ಬಾ. ಆ ಬಾಗಿಲ ಹತ್ರ ಕೂತ್ರೆ ನಮ್ಮ ಆಫೀಸಿನವರೆಲ್ಲ ಮೂಗಿನ ಮುಂದೇನೇ ಹಾದುಹೋಗ್ತಾರೆ... ಹ್ಞಾ, ಇಲ್ಲಿ. ಕಂಬದ ಮರೆ ಇದೆ. ಬ್ಯಾಗು ಇಳಿಸು. ನಿಮ್ಮೂರು ಬ್ಯಾಲರಾಟಿನ ರೈಲು ಇವತ್ತಾದ್ರೂ ಹೊತ್ತಿಗೆ ಸರಿಯಾಗಿ ಬಂತಲ್ಲ, ಪುಣ್ಯ! ನಾನು ಏಳೂಮುಕ್ಕಾಲಿಂದ ಇಲ್ಲೇ ಇದೀನಿ. ಅಬ್ಬಾ, ಆ ಗಾಳಿ! ಈ ಸ್ಟೇಷನ್ ಕಟ್ಟಿದ ಪುಣ್ಯಾತ್ಮನಿಗೆ ಜುಲೈ ಅಂತ ಒಂದು ಚಳಿಗಾಲದ ತಿಂಗಳಿದೆ ಅಂತ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ. ಯಾಕೆ ನಗ್ತೀಯ? ಎರಡು ಕೈಲೂ ಕಪ್ಪು ಹಿಡ್ಕೊಂಡಿದೀನಿ ಅಂತಾನಾ? ಚಳಿ ಕಣೇ. ಇದು ಮೂರನೇ ಕಾಫಿ. ನಿಂಗೂ ತಂದಿದೀನಿ, ತಗೋ.

ಸರಿ, ಕೇಳು. ಇನ್ನು ಒಂದು ಗಂಟೇನೂ ಇಲ್ಲ. ಹತ್ತು ಗಂಟೆಗೆ ಹತ್ತನೇ ಮಹಡಿಗೆ ಬಾ ಅಂತ ನಿನ್ನ ಕರೆದಿದ್ದಾರೆ. 'ಹಾಜರಿ ಬಗ್ಗೆ ಮಾತುಕತೆ.' ಅಷ್ಟೇ ಬರೆದಿದ್ದಾರೆ. ಸೋಮವಾರ ಆ ಮೇಲ್ ನಂಗೆ ಕಳಿಸಿದೆಯಲ್ಲ, ಅವಾಗಿಂದ ನನ್ನ ಹೊಟ್ಟೆಗೆ ಒಂದು ಬ್ರೆಡ್ ಚೂರು ಇಳಿದಿಲ್ಲ. ಹೆದರ್ಬೇಡ. ಅಲ್ಲಿರೋದು ಎಚ್‌ಆರ್‌ನ ಆ ಇಮೋಜೆನ್. ಒಳ್ಳೆಯವಳೇ. ನೀರು ಕೊಡ್ತಾಳೆ, ಟಿಶ್ಯೂ ಡಬ್ಬ ಮುಂದೆ ತಳ್ತಾಳೆ... ಅಂದ್ರೆ, ಹಾಗಂತ ಎಲ್ರೂ ಹೇಳ್ತಾರೆ.

ಏನು ಬಂತು ನೋಡು ನಮಗೆ! ಹನ್ನೊಂದು ವರ್ಷ ಪಕ್ಕಪಕ್ಕ ಕೂತು ಊರಿನವರ ಗೋಳು ಕೇಳಿದೋರು ನಾವು. ಪ್ರವಾಹದಲ್ಲಿ ಮನೆ ಕಳ್ಕೊಂಡೋರು, ಬೆಂಕೀಲಿ ಅಂಗಡಿ ಕಳ್ಕೊಂಡೋರು, ಎಲ್ಲರೂ ಫೋನಲ್ಲಿ ಅಳೋರು, ನಾವು 'ಆಯ್ತಮ್ಮ, ಆಯ್ತಮ್ಮ, ವಿಮೆ ಇದೆಯಲ್ಲ' ಅನ್ನೋರು. ಆಮೇಲೆ ಐದು ವರ್ಷ ಮನೆಯಿಂದ್ಲೇ ಮಾಡಿದ್ವಿ. ಒಂದಾದ್ರೂ ಕಡತ ನಿಂತಿತ್ತಾ? ನಿಂದಂತೂ ಯಾರಿಗಿಂತ್ಲೂ ಬೇಗ ಮುಗೀತಿತ್ತು! ಈ ಫೆಬ್ರವರೀಲಿ ಇದ್ದಕ್ಕಿದ್ದ ಹಾಗೆ, ವಾರಕ್ಕೆ ನಾಲ್ಕು ದಿನ ಆಫೀಸಿಗೆ ಬರಲೇಬೇಕು ಅಂದ್ರು. ಬಂದು ಮಾಡೋದೇನು? ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಅಡಿಲೇಡ್ ಆಫೀಸಿನವರ ಜೊತೆ ಮಾತಾಡೋದು. ಅಲ್ಲೂ ಫೋನೇ, ಇಲ್ಲೂ ಫೋನೇ! ಕೂರೋ ಮೇಜಿಗೂ ದಿನಾ ಮುಂಚೇನೇ ಹೆಸರು ಬರೆಸ್ಬೇಕು. ಹೋದ ವಾರ ನಂಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಗಂಡಸರ ಶೌಚಾಲಯದ ಬಾಗಿಲ ಎದುರು. ಬಂದೋರಿಗೆಲ್ಲ ಗುಡ್ ಮಾರ್ನಿಂಗ್ ಹೇಳ್ಕೊಂಡು ಕೂತಿದ್ದೆ... ನಗು, ನಗು. ನೀನು ನಕ್ರೆ ನಂಗೆ ಒಂಚೂರು ಉಸಿರಾಡೋಕಾಗುತ್ತೆ.

ಕ್ಲೈವ್ ಹೇಗಿದ್ದಾನೆ? ನಿನ್ನೆ ಡಯಾಲಿಸಿಸ್ ಸರಿಯಾಗಿ ಆಯ್ತಾ? ...ಹ್ಞೂಂ. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಮಂಗಳವಾರ, ಗುರುವಾರ, ಶನಿವಾರ ಮನೇಲೇ ಆ ಯಂತ್ರ ಹಚ್ಚಿ ಗಂಡನ್ನ ಮಲಗಿಸ್ಬೇಕು, ಸೂಜಿ ಜಾರಿದ್ರೆ ಅಂತ ಪಕ್ಕದಲ್ಲೇ ಕೂತಿರ್ಬೇಕು. ಆಂಟನ್‌ಗೆ ಇದೆಲ್ಲ ಗೊತ್ತು. ಮ್ಯಾನೇಜರು ಅವನು! ನೀನು ಎರಡು ದಿನ ಮನೆಯಿಂದ ಮಾಡ್ತೀನಿ ಅಂತ ಕೇಳೋಕೆ ಹೋದಾಗ ಏನಂದ? 'ಈಗ ಕಾಲ ಸರಿಯಿಲ್ಲ ನರೆಲ್, ಈಗ ಕೇಳಿದೋರ ಹೆಸರು ಬೇರೆ ಕಡೆ ಬರೆದಿಟ್ಕೊಳ್ತಾರೆ' ಅಂದ. ನೀನು ಆಫೀಸಿನ ಅಡುಗೆಕೋಣೇಲಿ ಸಿಂಕು ಹಿಡ್ಕೊಂಡು ಅಳ್ತಾ ನಿಂತಿದ್ದೆ. ನಾನು ಬಾಗಿಲು ಮುಚ್ಚಿ ಬಂದೆ. ನೆನಪಿದೆಯಲ್ಲ? 'ಕಾರ್ಡು ಇಲ್ಲಿ ಕೊಡು, ನಾನು ಗೇಟಲ್ಲಿ ಎರಡೂ ಉಜ್ಜಿ ಒಳಗೆ ಹೋಗ್ತೀನಿ, ಇಬ್ಬರ ಹಾಜರಿ ಆಯ್ತು' ಅಂದೆ. ನೀನು ಬೇಡ ಬೇಡ ಅಂದೆ. ನಾನೇ ನಿನ್ನ ಕೊರಳಿಂದ ತೆಗ್ದು ಚೀಲಕ್ಕೆ ಹಾಕ್ಕೊಂಡೆ... ತಪ್ಪು ಮಾಡಿದ್ವಾ? ಹೇಳು. ಯಾರ ಮನೆ ಹಾಳಾಯ್ತು ಅದ್ರಿಂದ?

ಆದ್ರೆ ಈಗ ಕಾಲ ಹಾಗಿದೆ ಕಣೇ. ಇನ್ನೂರ ನಲವತ್ತು ಜನರನ್ನ ಕೆಲ್ಸದಿಂದ ತೆಗೀತಾರಂತೆ ಈ ಸಲ. ಸ್ತಾವ್ರೋಸ್‌ನ ನೋಡಿದೆಯಲ್ಲ! ವಾರಕ್ಕೆ ಐದು ದಿನ ಬರ್ತಿದ್ದ, ದೀಪ ಹಾಕೋನೂ ಅವನೇ, ಆರಿಸೋನೂ ಅವನೇ. ಅವನನ್ನೇ ಕಳಿಸಿದ್ರು. ಕುರ್ಚಿ ಮೇಲೆ ಅವನ ಸ್ವೆಟರು ಇನ್ನೂ ಹಾಗೇ ನೇತಾಡ್ತಿದೆ, ಯಾರೂ ಮುಟ್ಟಲ್ಲ. ಅದನ್ನ ನೋಡ್ದಾಗೆಲ್ಲ ನಂಗೆ... ನಂಗೆ ಐವತ್ತೇಳು ನರೆಲ್. ನಿಂಗೆ ಕ್ಲೈವ್ ಇದ್ದಾನೆ. ಹುಷಾರಿಲ್ದೇ ಇದ್ರೂ ಇದ್ದಾನೆ, ಬಾಗಿಲು ತೆಗೆದ್ರೆ 'ಬಂದ್ಯಾ' ಅಂತಾನೆ. ನಂಗೆ ಯಾರಿದ್ದಾರೆ? ಫುಟ್‌ಸ್ಕ್ರೇ ಮನೇಲಿ ಒಂದು ಟೀವಿ. ಈ ವಯಸ್ಸಲ್ಲಿ ನನ್ನನ್ನ ಯಾರು ಕೆಲ್ಸಕ್ಕೆ ಕರೀತಾರೆ? ಹಾಗೆ ನೋಡ್ಬೇಡ, ನಿನ್ನ ಕಷ್ಟ ಸಣ್ಣದು ಅಂತ ಅಲ್ಲ ನಾನು ಹೇಳ್ತಿರೋದು...

ಬಿಡು. ಉತ್ತರ ಕಲ್ತ್ಕೋ. ಅವಳು ಮೊದ್ಲು ದಿನಾಂಕದ ಪಟ್ಟಿ ತೆಗೀತಾಳೆ. ನೀನು ಗಾಬರಿ ಆಗ್ಬೇಡ. 'ಹೌದು, ಆ ದಿನಗಳು ಬಂದಿರ್ಲಿಲ್ಲ, ಗಂಡನಿಗೆ ಹುಷಾರಿರ್ಲಿಲ್ಲ' ಅನ್ನು. ಕ್ಷಮೆ ಕೇಳು, ಅತ್ರೂ ಪರವಾಗಿಲ್ಲ. ಕಾರ್ಡು ಯಾರು ಉಜ್ಜಿದ್ರು ಅಂದ್ರೆ ಜಾಸ್ತಿ ಮಾತಾಡ್ಲೇಬೇಡ. ಆಮೇಲೆ ಗೇಟಿನ ಕ್ಯಾಮೆರಾದ ಚಿತ್ರ ಮುಂದಿಡ್ತಾಳೆ. ಅದಕ್ಕೂ ಹೆದರ್ಬೇಡ, ಮಬ್ಬುಮಬ್ಬಾಗಿದೆ, ನನ್ನ ಕೆಂಪು ಕೋಟು ಬಿಟ್ರೆ ಏನೂ ಸರಿಯಾಗಿ...

ಏನು?

ಎಲ್ಲಿ ನೋಡಿದೆ ಅಂದ್ರೆ... ನೋಡಿಲ್ಲ. ಇರುತ್ತೆ ಅಂದೆ. ಕ್ಯಾಮೆರಾ ಚಿತ್ರ ಅಂದ್ಮೇಲೆ ಮಬ್ಬಾಗೇ ಇರುತ್ತೆ ತಾನೆ? ಕಾಫಿ ಆರ್ತಿದೆ, ಕುಡಿ. ನರೆಲ್. ಹಾಗೆ ಕಣ್ಣು ಮಿಟುಕಿಸ್ದೇ ನೋಡ್ಬೇಡ ಕಣೇ. ಬಯ್ಯಿ ಬೇಕಾದ್ರೆ...

ಶುಕ್ರವಾರ. ಹೋದ ಶುಕ್ರವಾರ ಕರೆದಿದ್ರು ನನ್ನ. ಊಟದ ಹೊತ್ತಲ್ಲಿ. ಸಾಸೇಜ್ ರೋಲು ಕೈಯಲ್ಲೇ ಇತ್ತು, ಹಾಗೇ ಹೋದೆ. ಇಮೋಜೆನ್, ಪಕ್ಕದಲ್ಲಿ ಆಂಟನ್. ನಾಲ್ಕು ಚಿತ್ರ ಸಾಲಾಗಿ ಇಟ್ರು. ನನ್ನ ಕೈ, ಎರಡು ಕಾರ್ಡು. ನಿಂಗೆ ಅವತ್ತೇ ಹೇಳ್ಬೇಕಿತ್ತು, ಗೊತ್ತು! ಫೋನು ಕೈಗೆ ತಗೊಂಡಿದ್ದೆ. ಶನಿವಾರಾನೂ ತಗೊಂಡೆ. ಭಾನುವಾರ ಕ್ಲೈವ್‌ಗೆ ಜ್ವರ ಅಂತ ನೀನೇ ಹೇಳಿದೆ, ಆಮೇಲೆ ಹೇಗೆ ಹೇಳ್ಲಿ? ...ಎರಡನೇ ಕಾರ್ಡು ಯಾರದು ಅಂದ್ರು, ಹೇಳ್ದೆ. ಅವರಿಗೆ ಗೊತ್ತೇ ಇತ್ತು ಕಣೇ, ಅದರ ನಂಬರು ಇರುತ್ತಲ್ಲ, ನಾನು ಹೇಳದಿದ್ರೂ ಗೊತ್ತಾಗ್ತಿತ್ತು. ಅಷ್ಟೇ. ಅಷ್ಟೇ ಹೇಳಿದ್ದು.

...

ಅಷ್ಟೇ ಅಂದೆನಲ್ಲ! ಇನ್ನೇನು ಬೇಕು ನಿಂಗೆ?

ಇಷ್ಟು ವರ್ಷದಲ್ಲಿ ನೀನು ಒಂದ್ಸಲಾನೂ ನಾನು ತಂದ ಕಾಫೀನ ಹೀಗೆ ವಾಪಸ್ ತಳ್ಳಿದ್ದಿಲ್ಲ. ಕೂಗಾಡು! ...ಸರಿ. ಸರಿ, ಹೇಳ್ತೀನಿ. ಒಂದು ಕಾಗದ ಕೊಟ್ರು. ನಡೆದಿದ್ದು ಬರಿ ಅಂದ್ರು. ಇಬ್ರೂ ಸೇರಿ ಮಾಡಿದ್ರೆ ಇಬ್ರೂ ಹೋಗ್ತಾರೆ, ಒತ್ತಾಯಕ್ಕೆ ಮಾಡಿದ್ರೆ ಅದು ಬೇರೆ ವಿಷಯ ಅಂದ ಆಂಟನ್. ಕಿಟಕಿ ಕಡೆ ನೋಡ್ತಾ ಅಂದ, ನನ್ನ ಮುಖ ನೋಡ್ಲೂ ಇಲ್ಲ. ಪೆನ್ನು ನನ್ನ ಕೈಯಲ್ಲಿತ್ತು. ನಾನು ನಿನ್ನ ಬಗ್ಗೆ ಯೋಚ್ನೆ ಮಾಡ್ಲಿಲ್ಲ ನರೆಲ್. ಮಾಡಿದೆ ಅಂತ ಸುಳ್ಳು ಹೇಳಲ್ಲ. ಆ ಸ್ವೆಟರು... ಅದೊಂದೇ ಕಣ್ಣ ಮುಂದೆ. 'ನರೆಲ್ ಕಾರ್ಡು ಕೊಟ್ಟು ಒತ್ತಾಯ ಮಾಡಿದಳು, ಹಳೇ ಸ್ನೇಹ ಅಂತ ಇಲ್ಲ ಅನ್ನೋಕೆ ಆಗಲಿಲ್ಲ' ಅಂತ ಬರೆದೆ. ಸಹಿ ಹಾಕಿದೆ.

ಎದ್ದೆಯಾ? ಇನ್ನೂ ಹೊತ್ತಿದೆ, ಕೂತ್ಕೋ... ಫೋನು ಯಾಕೆ ತೆಗೀತೀಯ? ಯಾರಿಗೆ? ಕ್ಲೈವ್‌ಗಾ? ಅವನಿಗೆ ಈಗ ಹೇಳ್ಬೇಡ ಕಣೇ, ಪಾಪ... ನಂಗ್ಯಾಕೆ ಕೊಡ್ತೀಯ ಇದನ್ನ? ಬೇಡ. ಇದು ಹತ್ತನೇ ಮಹಡಿ ನಂಬರು. ನರೆಲ್, ಬೇಡ, ಕೇಳು, ನಾಳೆ ನಾನೇ ಹೋಗಿ ಹೇಳ್ತೀನಿ, ಆಣೆ ಮಾಡ್ತೀನಿ... ರಿಂಗ್ ಆಗ್ತಿದೆ. ಕೈ ಬಿಡು. ಎಲ್ರೂ ನೋಡ್ತಿದ್ದಾರೆ.

ಹಲೋ? ...ಹಲೋ. ಇಲ್ಲ, ನರೆಲ್ ಅಲ್ಲ. ಅವಳ ಫೋನು. ನಾನು ಕೋರಲ್... ಹೌದು, ಇಲ್ಲೇ ಇದ್ದಾಳೆ, ಹತ್ತಕ್ಕೆ ಬರ್ತಾಳೆ. ಇಲ್ಲ, ಅಷ್ಟೇ, ಏನಿಲ್ಲ...

ಇರಿ, ಇಡಬೇಡಿ. ಇಮೋಜೆನ್, ಇಡಬೇಡಿ. ಶುಕ್ರವಾರ ನಾನು ಬರೆದುಕೊಟ್ಟೆನಲ್ಲ... ಅದು ಸುಳ್ಳು. ಅವಳು ಬೇಡ ಅಂದಿದ್ಲು. ಅವಳ ಕೊರಳಿಂದ ಕಾರ್ಡು ತೆಗೆದಿದ್ದು ನಾನು.