ಮೆಟ್ಟಿಲ ಮೇಲಿನ ಬನ್ನಿ

ನಾಡಿದ್ದು ವಿಜಯದಶಮಿ. ಹೋದ ವರ್ಷ ಆ ಸಂಜೆ ನನಗೆ ಬನ್ನಿ ಎಲೆ ಕೊಟ್ಟು ಕಾಲಿಗೆರಗಲು ಬಂದವರು ಏಳು ಲಕ್ಷ ಮಂದಿ! ಸಾಲು ನಮ್ಮ ಓಣಿಯಿಂದ ಹೊರಟು, ಧಾರವಾಡ ದಾಟಿ, ಹುಬ್ಬಳ್ಳಿಯನ್ನು ಎರಡು ಸುತ್ತು ಹಾಕಿತ್ತು. ಎಲ್ಲರ ತಲೆಯ ಮೇಲೂ ಕೈಯಿಟ್ಟು ಹರಸಿದೆ. ಅಂಗೈಯ ಗೆರೆಗಳೇ ಸವೆದುಹೋದವು. ಆಶೀರ್ವಾದವಿಲ್ಲದೆ ಹಿಂದಿರುಗಿದವರು ಒಬ್ಬರೂ ಇಲ್ಲ. ನಗಬೇಡಿ, ಗುಡಿಯಲ್ಲಿ ಪ್ರವಚನಕ್ಕೆ ಕೂತು ಹೇಳುತ್ತಿದ್ದೇನೆ.

ಇರಲಿ. ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಎಂಥ ಶ್ರೀಮಂತ? ಅವನ ಮನೆಯ ಬೆಕ್ಕು ಹಾಲು ಕುಡಿದು ಮೀಸೆ ಒರೆಸಿಕೊಳ್ಳಲು ರೇಷ್ಮೆ ವಸ್ತ್ರ ಕೇಳುತ್ತಿತ್ತು! ಅವನ ಮಾಳಿಗೆಯ ಕೋಣೆಯಲ್ಲಿ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಆಫ್ರಿಕದ ಮಲಾವಿ ದೇಶದವಳು. ಬೀಜಗಳ ವಿದ್ಯೆ ಕಲಿಯಲು ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಬಂದವಳು. ನೋಡಿ, ಪರದೇಶ ಅಂದರೆ ನಾವು ಸಮುದ್ರದಾಚೆ ಕೈ ತೋರಿಸುತ್ತೇವೆ. ಅವಳಿಗೆ ಪರದೇಶ ಯಾವುದು? ನಮ್ಮ ಓಣಿ!

ಎರಡು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮಾತು ಎರಡೇ.

“ನೀರು ಬಂತೇನವಾ?”

“ಬಂತ್ರಿ.”

ಅವಳ ಊರಲ್ಲಿ ಹಿರಿಯರನ್ನು ಮಂಡಿಯೂರಿ ಮಾತಾಡಿಸುವುದು ರೂಢಿ. ಮಂಡಿಯೂರಿದರೆ ಅಜ್ಜಿ ತಲೆ ನೇವರಿಸುತ್ತಿದ್ದಳು. ಇಲ್ಲಿ ಯಾರ ಮುಂದೆ ಮಂಡಿಯೂರುವುದು? ಫೋನಿನಲ್ಲಿ ಅಜ್ಜಿಯ ದನಿ ಬರುತ್ತಿತ್ತು, ಕೈ ಬರುತ್ತಿರಲಿಲ್ಲ. ಬರುತ್ತದೆಯೇ, ಹೇಳಿ?

ಮೊದಲ ವರ್ಷದ ದಸರೆಯಲ್ಲಿ ಅವಳು ಕಿಟಕಿಯಿಂದ ನೋಡಿದಳು. ಚಿಕ್ಕವರು ಒಂದು ಎಲೆ ಕೊಡುತ್ತಾರೆ, ಬಾಗುತ್ತಾರೆ. ದೊಡ್ಡವರು ತಲೆಯ ಮೇಲೆ ಕೈಯಿಡುತ್ತಾರೆ. ಬರೀ ಒಂದು ಎಲೆಗೆ! ಮರುವರ್ಷ, ಊರಿಗೆ ಮರಳುವ ಮುನ್ನ ಅವಳಿಗಿದ್ದ ಕೊನೆಯ ದಸರೆ. ಕಾಯಿಪಲ್ಲೆ ಮಾರುವವಳನ್ನು ಕೇಳಿದಳು, ಏನು ಹೇಳಬೇಕು ಅಂತ.

“ಬನ್ನಿ ತೊಗೊಂಡು ಬಂಗಾರದಂಗ ಇರೋಣ್ರಿ, ಅನ್ನವಾ. ನಾಲಿಗಿ ತಿರುಗಲಿಲ್ಲಂದ್ರ ಬರೇ ನಗು. ಅಷ್ಟಕ್ಕ ಕರಗ್ತಾರ ನಮ್ಮ ಮುದುಕ್ರು.”

ಒಂದು ವಾರ ಆ ಮಾತನ್ನು ನಲ್ಲಿಗೆ ಹೇಳಿದಳು, ಕನ್ನಡಿಗೆ ಹೇಳಿದಳು, ಮೊಳಕೆಯೊಡೆದ ಜೋಳಕ್ಕೆ ಹೇಳಿದಳು. ಹಬ್ಬದ ಸಂಜೆ ಚಪ್ಪಲಿ ಮೇಲೆಯೇ ಬಿಟ್ಟು, ಬನ್ನಿ ಹಿಡಿದು ಮೆಟ್ಟಿಲಿಳಿದಳು. ಕೆಳಗೆ ಕಟ್ಟೆಯ ಮೇಲೆ ಶ್ರೀಮಂತ, ಸುತ್ತ ಜನ. ಅವನು ತಲೆಯೆತ್ತಿದ. ಅವಳು ಬಾಯಿ ತೆರೆದಳು.

“ಮೋಟರ್ ಕೆಟ್ಟೈತಿ ಅಂತ ನನಗೂ ಗೊತ್ತೈತವಾ,” ಅಂದ ಅವನು. “ಹಬ್ಬದ ದಿನಾನೂ ನೀರಿಂದೇ ಚಿಂತಿ ಏನು ನಿನಗ?”

ಎಲ್ಲರೂ ನಕ್ಕರು. ಎಲೆಯನ್ನು ಮೆಟ್ಟಿಲ ಮೇಲಿಟ್ಟು ಅವಳು ಮೇಲೆ ಹೋದಳು.

ಆಮೇಲೆ? ಶ್ರೀಮಂತನಿಗೆ ಅರಿವಾಯಿತು! ಹನ್ನೆರಡು ಗಾಡಿ ಬನ್ನಿ ತರಿಸಿದ. “ಮಗಳೇ!” ಎಂದು ಕೂಗುತ್ತ ಮೆಟ್ಟಿಲು ಹತ್ತಿದ. ಅವಳನ್ನು ಆನೆಯ ಮೇಲೆ ಕೂರಿಸಿ ಓಣಿ ತುಂಬ…

ಹೆಂಗಸರ ಸಾಲಿನಲ್ಲಿ ಎದ್ದು ನಿಂತವರು ಯಾರು? ಅಯ್ಯೋ, ನನ್ನ ಹೆಂಡತಿ.

“ಸಾಕು ಮಾಡ್ರಿ! ನಮ್ಮ ಓಣ್ಯಾಗ ಆಟೋನೇ ತಿರುಗೂದಿಲ್ಲ, ಆನಿ ಎಲ್ಲಿಂದ ಬಂತು? ಮರುದಿವಸ ಕಸಾ ಹೊಡಿಯೂ ಮುಂದ ಆ ಎಲಿ ಸಿಕ್ಕಿದ್ದು ನನಗ. ತಂದು ನಿಮ್ಮ ಕೈಯಾಗೇ ಕೊಟ್ಟಿದ್ನಲ್ಲಾ?”

ಸಿಕ್ಕಿಬಿದ್ದೆ. ಶ್ರೀಮಂತನೂ ಇಲ್ಲ, ಬೆಕ್ಕೂ ಇಲ್ಲ. ಅದು ನನ್ನ ಮನೆ, ಮೇಲಿನದು ತಗಡಿನ ಕೋಣೆ. ಎಲೆ ಕೈಗೆ ಬಂದ ಮೇಲೆಯೇ ನನಗೆ ತಿಳಿದದ್ದು. ಹತ್ತಬೇಕಾದದ್ದು ಹದಿನಾಲ್ಕು ಮೆಟ್ಟಿಲು. ನಾಚಿಕೆ, ನಾಳೆ ಹತ್ತಿದರಾಯಿತು ಅಂದುಕೊಂಡೆ. ಅವಳು ಊರಿಗೆ ಹೊರಟ ದಿನ ನಾನು ಬೆಳಗಾವಿಯಲ್ಲಿದ್ದೆ, ಅತಿಥಿ ಸತ್ಕಾರದ ಬಗ್ಗೆ ಪ್ರವಚನ ಹೇಳುತ್ತ. ಅವಳ ಹೆಸರು ಚಿಕೊಂಡಿ ಅಂತ ಆಮೇಲೆ ಇವಳು ಹೇಳಿದಳು. ಎಲೆ ನನ್ನ ಮುಂದಿರುವ ಈ ಪ್ರವಚನದ ಪುಸ್ತಕದಲ್ಲಿದೆ, ಒಣಗಿದೆ. ಈಗಲೂ ಸಂಜೆಯಾದರೆ ಮೇಲಿನ ನಲ್ಲಿಯ ಸದ್ದಿಗೆ ಕಿವಿಗೊಡುತ್ತೇನೆ. ಕೋಣೆ ಖಾಲಿ.

ನಿಮ್ಮ ಮಾಳಿಗೆಗಳು ಖಾಲಿಯಿಲ್ಲವಲ್ಲ? ದೂರದಿಂದ ಓದಲು ಬಂದ ಮಕ್ಕಳು ಇದ್ದಾರಲ್ಲ? ಹಾಗಾದರೆ ನಾಡಿದ್ದು ನೀವೇ ಬನ್ನಿ ಹಿಡಿದು ಮೆಟ್ಟಿಲು ಹತ್ತಿ. ಹೆಸರು ಕೇಳಿ. ಬಾಯಿ ತೆರೆದವರಿಗೆ ಮಾತು ಮುಗಿಸಲು ಬಿಡಿ. ತಲೆಯ ಮೇಲೆ ಕೈಯಿಡಿ, ಕೈಯೇನೂ ಸವೆಯುವುದಿಲ್ಲ.

ಏಳು ಲಕ್ಷ ಅಂದೆನಲ್ಲ, ಅದೂ ಸುಳ್ಳು. ಆ ಸಂಜೆ ಬಂದವರು ಇಪ್ಪತ್ತು ಮಂದಿ. ಇಪ್ಪತ್ತೊಂದನೆಯವಳು ಮೆಟ್ಟಿಲ ಮೇಲೆ ನಿಂತಿದ್ದಳು.