ರನ್‌ವೇ ಕಾದ ಕರಿಯಣ್ಣ

ಧರ್ಮಪುರದ ಹಿರಿಯರಿಗೆ, ಕರಿಯಣ್ಣನವರ ಹೆಂಡತಿ ಬೊಮ್ಮಕ್ಕನವರಿಗೆ, ಮಗಳು ಅಂಜಲಿಗೆ, ನಮ್ಮ ವಿಮಾನ ನಿಲ್ದಾಣದಿಂದ ಬಂದಿರುವ ಗೆಳೆಯರಿಗೆ — ಎಲ್ಲರಿಗೂ ನನ್ನ ನಮಸ್ಕಾರ. ನಾನು ಲಕ್ಷ್ಮೀಕಾಂತ್, ಹೊಸದುರ್ಗದವನು. ಹತ್ತು ದಿನದ ಹಿಂದೆ ಹೃದಯಾಘಾತದಿಂದ ನಮ್ಮನ್ನು ಅಗಲಿದ ಕರಿಯಣ್ಣನವರ ಜೊತೆ ಹನ್ನೊಂದು ವರ್ಷ ಒಂದೇ ಜೀಪಿನಲ್ಲಿ ಕೂತವನು. ಭಾಷಣ ಮಾಡಿ ಗೊತ್ತಿಲ್ಲ. ತಪ್ಪಿದರೆ ಮನ್ನಿಸಿ.

ಕರಿಯಣ್ಣ ಏರ್‌ಪೋರ್ಟಿನಲ್ಲಿದ್ದರು ಎಂದು ಊರಿಗೆಲ್ಲ ಗೊತ್ತು. ಏನು ಕೆಲಸ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹಕ್ಕಿ ಓಡಿಸುವುದು. ನಗಬೇಡಿ — ನಿಜವಾಗಿಯೂ ಅದೇ ಕೆಲಸ. ವಿಮಾನ ಮೇಲೇರುವ ಮುಂಚೆ ರನ್‌ವೇ ಉದ್ದಕ್ಕೂ ನಾನು ಜೀಪ್ ಓಡಿಸುತ್ತಿದ್ದೆ, ಅವರು ನೋಡುತ್ತಿದ್ದರು. ಹಕ್ಕಿ ಕಂಡರೆ ಪಟಾಕಿ ಹೊಡೆಯುವುದು. ಇಲ್ಲದಿದ್ದರೆ ವಾಕಿಟಾಕಿಯಲ್ಲಿ "ಕ್ಲಿಯರ್" ಅನ್ನುವುದು. ಆ ಒಂದು ಮಾತಿನ ಮೇಲೆ ವಿಮಾನ ಹೊರಡುತ್ತಿತ್ತು.

ಊರಿಗೆ ಬಂದಾಗ ಮಾತ್ರ ಶೇಂಗಾ ಹೊಲದಲ್ಲಿ ಒಂದು ಗುಬ್ಬಿಯನ್ನೂ ಅಟ್ಟುತ್ತಿರಲಿಲ್ಲವಂತೆ. ಬೊಮ್ಮಕ್ಕ ಬೈದರೆ, "ರಜಾದಾಗೂ ಅದೇ ಕೆಲ್ಸ ಮಾಡಿಸ್ತೀಯೇನೇ?" ಅನ್ನುತ್ತಿದ್ದರಂತೆ.

ಎಂಟು ವರ್ಷದ ಹಿಂದೆ, ಒಂದು ಬೆಳಿಗ್ಗೆ. ಹಿಂದಿನ ದಿನ ರನ್‌ವೇ ಪಕ್ಕದ ಹುಲ್ಲು ಕತ್ತರಿಸಿದ್ದರು. ಹುಲ್ಲು ಹೋದರೆ ಇಲಿಗಳು ಬಯಲಿಗೆ ಬೀಳುತ್ತವೆ, ಇಲಿಗೆ ಹದ್ದು ಬರುತ್ತದೆ. ಅಂಚಿನಲ್ಲಿ ಒಂದು ಹದ್ದು ಕೂತಿತ್ತು. ಒಂದೇ. ಕರಿಯಣ್ಣ "ಕ್ಲಿಯರ್" ಅಂದರು.

ಚಿಕ್ಕ ವಿಮಾನ, ನಲವತ್ತೊಂದು ಪ್ರಯಾಣಿಕರು. ಚಕ್ರ ನೆಲ ಬಿಟ್ಟಿತು — ಹದ್ದೂ ಮೇಲೆದ್ದಿತು. ಡಬ್ ಎಂದು ಸದ್ದು. ಎಡಗಡೆ ಎಂಜಿನ್ನಿನಿಂದ ಬೆಂಕಿ, ಹೊಗೆ. ವಿಮಾನ ಒಂದು ಕಡೆಗೆ ವಾಲಿತು. ಕರಿಯಣ್ಣ ಜೀಪಿನಿಂದ ಇಳಿದು, ಹೀಗೆ — ಎರಡೂ ಕೈ ತಲೆಯ ಮೇಲಿಟ್ಟು ನಿಂತುಬಿಟ್ಟರು. ಪೈಲಟ್ ಸಹನಾ ಮೇಡಂ ಉಳಿದ ಒಂದೇ ಎಂಜಿನ್ನಿನಲ್ಲಿ ಸುತ್ತು ಹಾಕಿ, ಹತ್ತು ನಿಮಿಷದಲ್ಲಿ ವಾಪಸ್ ಇಳಿಸಿದರು. ಏಣಿ ಇಳಿದು ಬಂದ ಒಬ್ಬೊಬ್ಬರನ್ನೂ ಕರಿಯಣ್ಣ ಎಣಿಸಿದರು. ನಲವತ್ತೊಂದು ಆದ ಮೇಲೇ ಅಲ್ಲಿಂದ ಕದಲಿದರು.

ವಿಚಾರಣೆ ಬಂತು. ನಾನು ಹೇಳಿದೆ, "ಹದ್ದು ಕಾಣಲೇ ಇಲ್ಲ ಅಂದ್ಬಿಡು ಕರಿಯಣ್ಣ. ಯಾರಿಗೆ ಗೊತ್ತಾಗ್ತೈತೆ?"

"ಕಂಡೈತಲ್ಲೋ. ಕಂಡಿಲ್ಲ ಅಂತ ಹೆಂಗೆ ಹೇಳ್ಲಿ?"

ಮರುದಿನ ಅಧಿಕಾರಿಗಳ ಮುಂದೆ ನಿಂತು, "ಕಂಡಿತ್ತು ಸಾರ್. ಒಂದೇ ಐತೆ, ಹಾರಿ ಹೋಗ್ತೈತೆ ಅಂತ ಬಿಟ್ಟೆ. ಕ್ಲಿಯರ್ ಅಂದಿದ್ದು ನಾನೇ," ಎಂದರು. ಆರು ತಿಂಗಳು ಅವರನ್ನು ಗೇಟ್ ಕಾಯುವ ಕೆಲಸಕ್ಕೆ ಹಾಕಿದರು.

ಮತ್ತೆ ಜೀಪಿಗೆ ಬಂದ ಮೇಲೆ ಒಂದು ಹಕ್ಕಿ ಕೂತಿದ್ದರೂ ವಿಮಾನ ಬಿಡುತ್ತಿರಲಿಲ್ಲ. ಹುಲ್ಲು ಕತ್ತರಿಸಿದ ಮರುದಿನ ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬರುತ್ತಿದ್ದರು. ತಡವಾಯಿತೆಂದು ಎಷ್ಟು ಜನ ಬೈದರೋ. ಎರಡು ವರ್ಷದ ಹಿಂದೆ ನಿವೃತ್ತರಾಗುವವರೆಗೆ ಅವರ ಪಾಳಿಯಲ್ಲಿ ಮತ್ತೊಂದು ಹಕ್ಕಿ ಎಂಜಿನ್ನಿಗೆ ಬೀಳಲಿಲ್ಲ. ಆಗದೇ ಹೋದ ಅಪಘಾತಕ್ಕೆ ಯಾರು ಹಾರ ಹಾಕುತ್ತಾರೆ, ಹೇಳಿ?

ಇನ್ನೊಂದು ಮಾತಿದೆ — ಇದನ್ನು ಹೇಳುವುದಕ್ಕೇ ನಾನು ಬಂದಿದ್ದು.

ಅವತ್ತು ಕರಿಯಣ್ಣ ಪಟಾಕಿ ಕೈಗೆ ತೆಗೆದುಕೊಂಡಿದ್ದರು. "ಜೀಪ್ ನಿಲ್ಸೋ" ಅಂದರು. ನಾನು ನಿಲ್ಲಿಸಲಿಲ್ಲ. "ಒಂದೇ ಐತೆ, ಹಾರಿ ಹೋಗ್ತೈತೆ, ಟೈಮಾತು" — ಆ ಮಾತು ನನ್ನದು. ಅವರದಲ್ಲ. ವಿಚಾರಣೆಯಲ್ಲಿ ನನ್ನ ಹೆಸರೇ ಬರಲಿಲ್ಲ. ಹೊರಗೆ ಬಂದು ನಾನು ಅತ್ತಾಗ, "ವಾಕಿಟಾಕಿ ನನ್ನ ಕೈಯಾಗಿತ್ತಲ್ಲೋ. ಬಾ, ಟೀ ಕುಡಿಯಾಣ" ಅಂದರು. ಅಷ್ಟೇ. ಮತ್ತೆಂದೂ ಆ ವಿಷಯ ಎತ್ತಲಿಲ್ಲ. ಬೊಮ್ಮಕ್ಕ, ನಿಮಗೂ ಹೇಳಿರಲಿಕ್ಕಿಲ್ಲ.

ಇಂದು ನಿಮ್ಮೆಲ್ಲರ ಮುಂದೆ ಹೇಳಿದ್ದೇನೆ. ನಾಳೆ ಕಚೇರಿಗೂ ಬರೆದುಕೊಡುತ್ತೇನೆ. ಅವರಿದ್ದಾಗಲೇ ಮಾಡಬೇಕಿತ್ತು — ಮಾಡಲಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಬೊಮ್ಮಕ್ಕ, ನಿಮಗೆ ಮಂಡಿ ನೋವು, ನೀವು ಕುಂತೇ ಇರ್ರಿ. ಕರಿಯಣ್ಣನವರಿಗಾಗಿ ಎರಡು ನಿಮಿಷ — ಮೌನ.